ಮೀಟರಣ್ಣನ ಬಾಗಿಲು ರಂಗವೇರಿದ್ದು

ಬಾಗಿಲು ತಟ್ಟುವ ವಿದ್ಯೆಯಲ್ಲಿ ಊರಿನಲ್ಲಿ ತನ್ನನ್ನು ಮೀರಿಸಿದವರು ಯಾರೂ ಇಲ್ಲ ಎಂಬುದು ಮೀಟರಣ್ಣನ ದೃಢವಾದ ನಂಬಿಕೆ. ಇದು ಬರೀ ಜಂಬವಲ್ಲ. ನೀರು ಸರಬರಾಜು ಕಚೇರಿಯ ಮೀಟರ್ ರೀಡರ್ ಆಗಿ, ತಲೆಗೂದಲು ಕಪ್ಪಗಿದ್ದಾಗಿನಿಂದ ಅದು ಪೂರ್ತಿ ಉದುರಿಹೋಗುವವರೆಗೆ, ಅವನು ಜನರ ಬಾಗಿಲು ತಟ್ಟಿಕೊಂಡೇ ಬಂದವನು. ಒಳಗೆ ಟಿ.ವಿ. ಜೋರಾಗಿರುವ ಮನೆಗೆ ಒಂದು ತರಹ, ಕೂಸು ಮಲಗಿರುವ ಮನೆಗೆ ಒಂದು ತರಹ, ಒಳಗಿದ್ದೂ ಇಲ್ಲವೆಂದು ಉಸಿರು ಬಿಗಿಹಿಡಿದು ಕೂತವರ ಮನೆಗೆ ಮತ್ತೊಂದು ತರಹ. ಇಂಥ ಪ್ರತಿಭೆ ಮೀಟರ್ ಓದುವುದರಲ್ಲೇ ಸವೆದುಹೋಗುತ್ತಿದೆಯಲ್ಲ ಎಂಬ ಕೊರಗು ಅವನಿಗಿತ್ತು. ಆ ಕೊರಗೇ ಅವನನ್ನು ಗ್ರಂಥಾಲಯದ ಹಿಂದಿನ ಗೋದಾಮಿನಲ್ಲಿ ನಡೆಯುತ್ತಿದ್ದ ರಂಗಶಿಬಿರಕ್ಕೆ ಎಳೆದು ತಂದಿತು.

ಶಿಬಿರ ನಡೆಸುತ್ತಿದ್ದವರು ಗಡ್ಡದ ಮೇಷ್ಟ್ರು. ಅವರು ಮೊದಲು ಎಲ್ಲರನ್ನೂ ಮರವಾಗಿ ನಿಲ್ಲಿಸಿದರು, ಆಮೇಲೆ ಗಾಳಿಯಾಗಿ ಓಡಿಸಿದರು. ಮೀಟರಣ್ಣ ಮರವಾಗಿ ನಿಂತಲ್ಲೇ ನಿದ್ದೆ ಹೋದ. ಗಾಳಿಯಾಗಿ ಓಡುವಾಗ ಬ್ಯಾಂಕಿನ ಕ್ಯಾಷಿಯರಮ್ಮನನ್ನು ಕೆಡವಿದ. ಹೀಗಾಗಿ ಊರಿನ ನಾಟಕೋತ್ಸವಕ್ಕೆಂದು ಪಾತ್ರ ಹಂಚುವಾಗ ಅವನ ಪಾಲಿಗೆ ಕುರ್ಚಿ ಜೋಡಿಸುವ ಕೆಲಸ ಬಂತು.

ನಾಟಕ ಬಹಳ ದುಃಖದ್ದು. ಒಬ್ಬ ವಿಧವೆಯನ್ನು ಮನೆ ಬಿಡಿಸಲು ಕ್ರೂರ ಅಧಿಕಾರಿಯೊಬ್ಬ ಬರುತ್ತಾನೆ. ಕೊನೆಯ ದೃಶ್ಯದಲ್ಲಿ ಬಾಗಿಲು ತಟ್ಟಿ, ಒಂದೇ ಒಂದು ಮಾತು ಆಡಿ, ಬಾಗಿಲು ತೆರೆದಾಗ ಒಳಗೆ ಕಾಲಿಡುತ್ತಾನೆ. ಪರದೆ ಬೀಳುತ್ತದೆ. ಒಂದೇ ಮಾತಿನ ಆ ಪಾತ್ರ ಯಾರಿಗೂ ಬೇಕಿರಲಿಲ್ಲ. ಸಾಲದ್ದಕ್ಕೆ, ತಾಲೀಮಿನಲ್ಲಿ ತಟ್ಟಿದ ಮೊದಲ ಏಟಿಗೇ ಪ್ಲೈವುಡ್ಡಿನ ಬಾಗಿಲು ವಿಧವೆಯ ಮೇಲೆ ಬಿತ್ತು.

"ಸಾರ್, ಇದು ಬಾಗಿಲಲ್ಲ," ಎಂದ ಮೀಟರಣ್ಣ ಕುರ್ಚಿ ಹಿಡಿದುಕೊಂಡೇ. "ಬಾಗಿಲಿನ ಫೋಟೋ. ಬಾಗಿಲು ಅಂದ್ರೆ ಅದಕ್ಕೊಂದು ದನಿ ಇರ್ಬೇಕು. ನಮ್ಮನೆ ಬಾಗಿಲು ನೋಡಿ, ಹಳೇ ಕಾಲದ ದಪ್ಪ ಹಲಗೆ. ತಟ್ಟಿದ್ರೆ ಎದೇಲಿ ಕೇಳಿಸುತ್ತೆ."

ಗಡ್ಡದ ಮೇಷ್ಟ್ರು ಗಡ್ಡ ಸವರುವುದನ್ನು ನಿಲ್ಲಿಸಿದರು. "ಕೊಡ್ತೀರಾ?"

"ಏನನ್ನ?"

"ಬಾಗಿಲನ್ನ. ಕೊಟ್ರೆ, ತಟ್ಟೋರೂ ನೀವೇ."

ಮೀಟರಣ್ಣ ಹಿಂದೆಮುಂದೆ ನೋಡಲಿಲ್ಲ. ಮನೆಯ ಮುಂಬಾಗಿಲು ಒಂದು ಕಡೆ, ಜೀವಮಾನದ ಅವಕಾಶ ಒಂದು ಕಡೆ. "ಕೊಟ್ಟೆ," ಎಂದುಬಿಟ್ಟ. ಕೊಟ್ಟದ್ದನ್ನು ಹೆಂಡತಿಗೆ ಹೇಳಬೇಕೆಂಬುದು ಅವನಿಗೆ ಆಮೇಲೆ ಹೊಳೆಯಿತು. ಹೊಳೆದ ಮೇಲೂ ಅವನು ಹೇಳಲಿಲ್ಲ.

ಮೇಷ್ಟ್ರು ಒಂದು ಕಟ್ಟಪ್ಪಣೆ ಮಾಡಿದ್ದರು: ಪಾತ್ರವನ್ನು ಹೊರಗೆ ಆಡಿಕೊಂಡು ತಣ್ಣಗೆ ಮಾಡಬಾರದು, ಒಳಗೇ ಕಾಯಿಸಬೇಕು. ಮೀಟರಣ್ಣ ಕಾಯಿಸಿದ. ನೆರೆಹೊರೆಗೆ ಹೇಳಲಿಲ್ಲ, ಕಚೇರಿಗೆ ಹೇಳಲಿಲ್ಲ. ಆದರೆ ದಿನವೂ ಸಂಜೆ ಮನೆಗೆ ಬಂದು, ಮುಖ ತೊಳೆದು, ಹೊರಗೆ ಹೋಗಿ ಬಾಗಿಲು ಹಾಕಿಕೊಂಡು ಅದನ್ನು ದಡಬಡ ಗುದ್ದುತ್ತಿದ್ದ.

"ಬಾಗಿಲು ತೆಗೆಯಿರಿ! ಇಲ್ಲವಾದರೆ ಒಡೆದು ಒಳಗೆ ಬರುತ್ತೇನೆ!"

ಒಳಗಿನಿಂದ ಅವನ ಮಗಳು, ಏಳನೇ ಕ್ಲಾಸಿನವಳು, ವಿಧವೆಯಾಗಿ ಕಿರುಚುತ್ತಿದ್ದಳು: "ಬೇಡಿ, ದಮ್ಮಯ್ಯ, ಬೇಡಿ!" ಈ ಕಿರುಚಾಟ ನಾಟಕದಲ್ಲಿರಲಿಲ್ಲ. ಅದು ಅವಳ ಸ್ವಂತ ಕೊಡುಗೆ.

ಹೊಲಿಗೆ ಮೆಷಿನ್ನಿನ ಮುಂದೆ ಕೂತ ಹೆಂಡತಿ ತಲೆಯನ್ನೂ ಎತ್ತುತ್ತಿರಲಿಲ್ಲ. "ಬೇಗ ಮುಗಿಸ್ರೀ, ಅಳತೆ ಕೊಡೋರು ಬರ್ತಾರೆ," ಎನ್ನುತ್ತಿದ್ದಳು. ಹೊಲಿಗೆಯಿಂದ ಮನೆಯ ಅರ್ಧ ಭಾರ ಹೊತ್ತವಳು ಅವಳು. ಮೀಟರಣ್ಣನ ಒಳಮನಸ್ಸಿನ ಆಸೆಯೂ ಅವಳದೇ ವಿಷಯದ್ದು. ಮದುವೆಯಾದಾಗಿನಿಂದ ತಾನು ಮಾಡಿದ ಯಾವ ಕೆಲಸವನ್ನೂ ಅವಳು ಕೂತು ನೋಡಿರಲಿಲ್ಲ. ಮೀಟರ್ ಓದುವುದನ್ನು ಯಾರು ತಾನೇ ಕೂತು ನೋಡುತ್ತಾರೆ? ಈ ಸಲ ಅವಳನ್ನು ಪುರಭವನದ ಮೂರನೇ ಸಾಲಿನಲ್ಲಿ ಕೂರಿಸಬೇಕು, ಲೈಟಿನ ಕೆಳಗೆ ತಾನು ನಿಲ್ಲಬೇಕು, ಆ ಒಂದು ಮಾತು ಆಡಬೇಕು, ಅವಳು ನೋಡಬೇಕು. ಅಷ್ಟೇ. ಕುರ್ಚಿಗೆ ಈಗಾಗಲೇ ಚೀಟಿ ಅಂಟಿಸಿ ಬಂದಿದ್ದ.

ಉತ್ಸವದ ವಾರ ಬಂತು. "ನಟರಿಗಷ್ಟೇ ಅಲ್ಲ, ಬಾಗಿಲಿಗೂ ತಾಲೀಮು ಬೇಕು," ಎಂದು ಮೇಷ್ಟ್ರು ಹೇಳಿ ಕಳಿಸಿದರು. ಹೆಂಡತಿ ಹೊಲಿದ ಬಟ್ಟೆ ತಲುಪಿಸಲು ಹೋದ ಹೊತ್ತು ನೋಡಿ ಮೀಟರಣ್ಣ ಬಡಗಿಯನ್ನು ಕರೆತಂದ. ಇಬ್ಬರೂ ಸೇರಿ ಬಾಗಿಲನ್ನು ಕೀಲಿನಿಂದ ಬಿಡಿಸಿ, ತಳ್ಳುಗಾಡಿಯ ಮೇಲೆ ಮಲಗಿಸಿ, ಹೊದಿಕೆ ಹೊದಿಸಿ ಕಳಿಸಿದರು. ಎದುರು ಮನೆಯ ಕಿಟಕಿಯಲ್ಲಿ ನಿವೃತ್ತ ಟೀಚರಮ್ಮ ಇದೆಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿದರು. ತಿಂಗಳಿನಿಂದ ದಿನಾ ಗುದ್ದಾಟ ಕೇಳಿದ್ದರು, ಹೆಣ್ಣುದನಿಯ ಕಿರುಚಾಟ ಕೇಳಿದ್ದರು, 'ಒಡೆದು ಒಳಗೆ ಬರುತ್ತೇನೆ' ಎಂಬ ಆರ್ಭಟ ಕೇಳಿದ್ದರು. ಈಗ ಬಾಗಿಲೇ ಇಲ್ಲ. ಟೀಚರಮ್ಮ ಜೀವನವಿಡೀ ಕೂಡುವ ಲೆಕ್ಕ ಹೇಳಿಕೊಟ್ಟವರು. ಕೂಡಿದರು.

ಹೆಂಡತಿ ವಾಪಸು ಬಂದಳು. ಬೀಗದ ಕೈ ಹಿಡಿದ ಕೈಯನ್ನು ಅಭ್ಯಾಸಬಲದಿಂದ ಮುಂದೆ ಚಾಚಿದಳು. ಕೈ ಗಾಳಿಯಲ್ಲೇ ನಿಂತಿತು.

"ರೀ, ಬಾಗಿಲೆಲ್ಲಿ?"

"ನಾಟಕಕ್ಕೆ ಹೋಗಿದೆ."

"ಯಾವಾಗ ಬರುತ್ತೆ?"

"ಭಾನುವಾರ ರಾತ್ರಿ ನಾಟಕ ಮುಗಿಯುತ್ತೆ. ಸೋಮವಾರ ಬೆಳಗ್ಗೆ ಬರುತ್ತೆ."

ಅವಳು ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಕೂಗಾಡಿದ್ದರೆ ಮೀಟರಣ್ಣನಿಗೆ ಧೈರ್ಯವಾಗಿರುತ್ತಿತ್ತು. ಅವಳು ಕೂಗಾಡಲಿಲ್ಲ. ಹಳೆಯ ಹೊದಿಕೆಯೊಂದನ್ನು ಚೌಕಟ್ಟಿಗೆ ಇಳಿಬಿಟ್ಟಳು. "ನನ್ನ ಗಿರಾಕಿಗಳು ಹೆಂಗಸರು. ಬಾಗಿಲಿಲ್ಲದ ಮನೇಲಿ ನಿಂತು ಅಳತೆ ಯಾರು ಕೊಡ್ತಾರೆ? ಈ ವಾರ ನನ್ನ ಕೆಲಸ ಮುಗೀತು. ಒಂದು ಮಾತು ಕೇಳಿ. ಬಾಗಿಲಿಲ್ಲದ ಮನೆ ಬಿಟ್ಟು ನಾನು ಎಲ್ಲಿಗೂ ಬರೋಳಲ್ಲ. ನಿಮ್ಮ ನಾಟಕಕ್ಕೂ."

ಮೀಟರಣ್ಣನಿಗೆ ಆಗ ಅರ್ಥವಾಯಿತು: ಬಾಗಿಲು ಕೊಟ್ಟು ಪಾತ್ರ ಪಡೆದಿದ್ದ, ಪಾತ್ರ ಪಡೆದು ಪ್ರೇಕ್ಷಕಿಯನ್ನು ಕಳೆದುಕೊಂಡಿದ್ದ.

ಮರುದಿನ ಕಚೇರಿಯಲ್ಲಿ ಹೊಸದಾಗಿ ವರ್ಗವಾಗಿ ಬಂದಿದ್ದ ಎಂಜಿನಿಯರ್ ಸಾಹೇಬರು ಅವನನ್ನು ಒಳಗೆ ಕರೆಸಿದರು. ಟೀಚರಮ್ಮ ಸಾಹೇಬರ ಹೆಂಡತಿಗೆ ಹೇಳಿದ್ದರು. ಹೆಂಡತಿ ಅವರಿಗೆ ಹೇಳಿದ್ದರು.

"ಕೂತ್ಕೊಳಪ್ಪ. ವಿಷಯ ಕಿವಿಗೆ ಬಿತ್ತು."

ಮೀಟರಣ್ಣ ನಾಚಿದ. "ನಿಮ್ಮವರೆಗೂ ಬಂತಾ ಸಾರ್? ಯಾರಿಗೂ ಹೇಳ್ಬಾರ್ದು ಅಂತಿದ್ದೆ."

"ಎಷ್ಟು ದಿನದಿಂದ ನಡೀತಿದೆ?"

"ತಿಂಗಳಾಯ್ತು ಸಾರ್. ದಿನಾ ಸಾಯಂಕಾಲ. ಮನೆಗೆ ಹೋಗಿ ಮುಖ ತೊಳೆದ ತಕ್ಷಣ."

"ದಿನಾ!"

"ದಿನಾ ಮಾಡದಿದ್ರೆ ಕೈ ಪಳಗಲ್ಲ ಸಾರ್."

ಸಾಹೇಬರು ಕನ್ನಡಕ ತೆಗೆದರು. "ಮಗಳ ಎದುರಿಗೇನಾ?"

"ಅವಳೇ ಸಾರ್ ಕಿರುಚೋದು. ಎಷ್ಟು ಚೆನ್ನಾಗಿ ಕಿರುಚ್ತಾಳೆ ಅಂತೀರಿ!"

"ನಿನ್ನ ಹೆಂಡತಿ ಏನೂ ಅನ್ನಲ್ವಾ?"

"ಅವಳ ಪಾಡಿಗೆ ಅವಳು ಮೆಷಿನ್ ತುಳೀತಿರ್ತಾಳೆ. ಅಭ್ಯಾಸ ಆಗ್ಹೋಗಿದೆ."

ಸಾಹೇಬರು ದನಿ ತಗ್ಗಿಸಿದರು. "ನಿಜ ಹೇಳು. ಕುಡೀತೀಯಾ?"

"ಬರೀ ಬಿಸಿನೀರು ಸಾರ್. ಗಂಟಲು ಬಿಡ್ಬೇಕಲ್ಲ."

ಬರೀ ಬಿಸಿನೀರು ಕುಡಿದೇ ಇಷ್ಟೆಲ್ಲ ಮಾಡುವ ಮನುಷ್ಯನನ್ನು ಸಾಹೇಬರು ತಮ್ಮ ನೌಕರಿಯಲ್ಲಿ ಎಲ್ಲಿಯೂ ಕಂಡಿರಲಿಲ್ಲ. ಅವರ ಕುರ್ಚಿ ತಾನಾಗಿ ಒಂದು ಗೇಣು ಹಿಂದೆ ಸರಿಯಿತು. ಮೀಟರಣ್ಣ ಏಳುತ್ತ ವಿನಯದಿಂದ, "ಭಾನುವಾರ ಸಂಜೆ ಪುರಭವನದಲ್ಲಿ ಎಲ್ಲರ ಎದುರಿಗೇ ಮಾಡ್ತೀನಿ ಸಾರ್. ಮನೆಯವರನ್ನೂ ಕರ್ಕೊಂಡು ತಪ್ಪದೇ ಬನ್ನಿ," ಎಂದ. ಅವನು ಹೊರಗೆ ಹೋದದ್ದೇ ತಡ, ಸಾಹೇಬರು ಪೊಲೀಸ್ ಠಾಣೆಗೆ ಫೋನ್ ಮಾಡಿದರು.

ಬಾಗಿಲಿಲ್ಲದ ಮನೆಯ ಮೊದಲ ತೊಂದರೆ ಕಳ್ಳರದ್ದಲ್ಲ. ಬಂದವರು ಎಲ್ಲಿ ನಿಲ್ಲಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ ಎಂಬುದೇ ದೊಡ್ಡ ತೊಂದರೆ. ತಟ್ಟಲು ಏನೂ ಇಲ್ಲದೆ, ಹೆಡ್ ಕಾನ್‌ಸ್ಟೇಬಲ್ಲರು ಹೊದಿಕೆ ಸರಿಸಿಕೊಂಡು ನೇರ ಅಡುಗೆಮನೆಯವರೆಗೆ ಬಂದುಬಿಟ್ಟರು. ಅವರ ಹಿಂದೆ ಟೀಚರಮ್ಮ. ಮೀಟರಣ್ಣ ಆಗಷ್ಟೇ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಹೊರಗೆ ಬಂದಿದ್ದ.

"ಏನಮ್ಮಾ, ಹೆದರ್ಬೇಡಿ. ಏನಾಯ್ತು ಹೇಳಿ," ಎಂದರು ಹೆಡ್, ಹೆಂಡತಿಯ ಕಡೆ ತಿರುಗಿ.

ಬಾಗಿಲು ಹೋದ ಸಿಟ್ಟು ಅವಳಲ್ಲಿ ಇನ್ನೂ ಹಸಿಯಾಗಿತ್ತು. "ಅವರನ್ನೇ ಕೇಳಿ. ಮಾಡೋವಾಗ ನನ್ನನ್ನೇನು ಕೇಳಿ ಮಾಡಿದ್ರಾ?" ಎಂದು ಸೌಟು ತಿರುಗಿಸಿದಳು.

"ಪಾಪ, ಎಷ್ಟು ನುಂಗಿಕೊಂಡಿದ್ದಾಳೋ," ಎಂದರು ಟೀಚರಮ್ಮ.

"ಬಾಗಿಲು ಎಲ್ಲಯ್ಯ?" ಹೆಡ್ ಮೀಟರಣ್ಣನನ್ನು ಕೇಳಿದರು.

"ಒಳ್ಳೇ ಜಾಗದಲ್ಲಿದೆ ಸಾರ್. ಅದಕ್ಕೆ ಲೈಟ್ ಎಲ್ಲಾ ಹಾಕಿದ್ದಾರೆ. ಹೆಚ್ಚು ಕೇಳ್ಬೇಡಿ, ಭಾನುವಾರದವರೆಗೆ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಅಪ್ಪ ನಾಟಕ ಮಾಡ್ತಿದ್ದಾರೆ ಅಂಕಲ್," ಎಂದಳು ಮಗಳು ಸತ್ಯವಾಗಿ.

ಟೀಚರಮ್ಮ ಅವಳ ತಲೆ ನೇವರಿಸಿದರು. "ನಮಗೂ ಗೊತ್ತು ಕಂದ. ನಿನಗೂ ಗೊತ್ತಾಗುವಷ್ಟು ಆಯ್ತಲ್ಲ."

ಹೆಡ್ ಕಾನ್‌ಸ್ಟೇಬಲ್ಲರು ಹೊರಡುವ ಮುಂಚೆ ಟವೆಲಿನಲ್ಲಿದ್ದ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಭಾನುವಾರ ಅಂದ್ಯಲ್ಲ. ನಾನೂ ಬರ್ತೀನಿ."

"ಬನ್ನಿ ಸಾರ್! ಮುಂದಿನ ಸಾಲಲ್ಲೇ ಕೂತ್ಕೊಳ್ಳಿ!" ಎಂದ ಮೀಟರಣ್ಣ. ಜನ ತನ್ನ ಮೊದಲ ಪ್ರಯೋಗಕ್ಕೇ ಹೀಗೆ ಮುಗಿಬೀಳುತ್ತಿರುವುದು ಅವನಿಗೇ ಆಶ್ಚರ್ಯವಾಗಿತ್ತು.

ಭಾನುವಾರ ಮಧ್ಯಾಹ್ನ ಹೆಂಡತಿಯ ಅಣ್ಣ ಬಂದಿಳಿದ. ಅವನು ಬಸ್ ಕಂಡಕ್ಟರ್. ಟೀಚರಮ್ಮನ ಫೋನ್ ಸಿಕ್ಕಿದ ಮೇಲೆ ಸಮವಸ್ತ್ರ ಬದಲಿಸುವಷ್ಟೂ ವ್ಯವಧಾನವಿಲ್ಲದೆ, ಕೊರಳಲ್ಲಿ ಸೀಟಿ, ಹೆಗಲಲ್ಲಿ ಚರ್ಮದ ಚೀಲದೊಂದಿಗೆ ಹೊದಿಕೆ ಕಿತ್ತೆಸೆದು ಒಳಗೆ ನುಗ್ಗಿದ.

"ಎಲ್ರೂ ಸ್ವಲ್ಪ ಹಿಂದೆ ಸರೀರಿ!" ಎಂದ. ಒಳಗೆ ಇದ್ದವರು ಮೂವರೇ. "ತಂಗೀ, ಬಟ್ಟೆ ತುಂಬ್ಕೋ. ಸಾಯಂಕಾಲದ ಬಸ್ಸಿಗೆ ಸೀಟು ಹಿಡಿದಿದ್ದೀನಿ. ಬಾಗಿಲು ಒಡೆಯೋ ಗಂಡನ ಹತ್ರ ನೀನು ಇನ್ನೊಂದು ಸ್ಟಾಪೂ ಇರ್ಬಾರ್ದು."

"ಭಾವ, ಒಡೆದಿಲ್ಲ. ಬಿಚ್ಚಿದ್ದು," ಎಂದ ಮೀಟರಣ್ಣ.

"ಬಿಚ್ಚಿದ್ದು! ನಿಧಾನವಾಗಿ, ಯೋಚ್ನೆ ಮಾಡಿ ಮಾಡಿದ್ದು ಅನ್ನು!"

ಮೀಟರಣ್ಣ ಹೆಂಡತಿಯ ಮುಖ ನೋಡಿದ. ಒಂದು ಮಾತು ಹೇಳಿ ಇದನ್ನೆಲ್ಲ ಬಗೆಹರಿಸಬಹುದಾಗಿದ್ದವಳು ಅವಳೊಬ್ಬಳೇ. ಅವಳು ಹೊಲಿಯದೆ ಉಳಿದ ಬಟ್ಟೆಗಳನ್ನು ಒಂದೊಂದಾಗಿ ಮಡಚುತ್ತಿದ್ದಳು.

"ನೀನೂ ಹೊರಟ್ಬಿಡ್ತೀಯಾ?"

"ಹೋದ್ರೇನು ತಪ್ಪು? ಈ ಮನೆಗಿಂತ ಬಸ್ಸೇ ವಾಸಿ. ಅದಕ್ಕೆ ಎರಡು ಬಾಗಿಲಾದ್ರೂ ಇರುತ್ತೆ."

"ಒಂದೇ ಮಾತು ಕಣೇ ನಂದು. ಅದೊಂದು ಕೇಳಿಸ್ಕೊಂಡು ಹೋಗು."

"ತಿಂಗಳಿಂದ ಅದನ್ನೇ ಕೇಳ್ತಿದ್ದೀನಿ."

ಬಣ್ಣ ಹಚ್ಚಿಸಿಕೊಳ್ಳಲು ಹೊತ್ತಾಗುತ್ತಿತ್ತು. ಮೀಟರಣ್ಣ ಅಧಿಕಾರಿಯ ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ದಾರಿಯಲ್ಲಿ ಒಂದು ಸಲವೂ ಆ ಮಾತನ್ನು ಬಾಯಲ್ಲಿ ಹೇಳಿಕೊಳ್ಳಲಿಲ್ಲ.

ಪುರಭವನ ತುಂಬಿತ್ತು. ಪರದೆಯ ಸಂದಿನಿಂದ ಅವನು ಇಣುಕಿ ನೋಡಿದ. ಮುಂದಿನ ಸಾಲಿನಲ್ಲಿ ಹೆಡ್ ಕಾನ್‌ಸ್ಟೇಬಲ್ಲರು ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದರು. ಎಂಜಿನಿಯರ್ ಸಾಹೇಬರು ಸಕುಟುಂಬರಾಗಿ ಬಂದಿದ್ದರು, ಆದರೆ ಹೊರಹೋಗುವ ದಾರಿಯ ಪಕ್ಕದಲ್ಲೇ ಕುರ್ಚಿ ಹಿಡಿದಿದ್ದರು. ಟೀಚರಮ್ಮ ಕರವಸ್ತ್ರ ಸಿದ್ಧವಾಗಿಟ್ಟುಕೊಂಡಿದ್ದರು. ಮೂರನೇ ಸಾಲಿನಲ್ಲಿ ಚೀಟಿ ಅಂಟಿಸಿದ ಕುರ್ಚಿ ಖಾಲಿ. ಸಾಯಂಕಾಲದ ಬಸ್ಸು ಹೊರಟು ಹೊತ್ತಾಗಿತ್ತು.

ನಾಟಕ ಸಾಗಿತು. ಕೊನೆಯ ದೃಶ್ಯ. ವಿಧವೆಯಾಗಿದ್ದ ಕ್ಯಾಷಿಯರಮ್ಮ ಒಳಗೆ ಒಬ್ಬಳೇ ಕೂತು ತನ್ನ ಉದ್ದನೆಯ ಗೋಳು ಶುರುಮಾಡಿದಳು. ಬಾಗಿಲಿನ ಆಚೆ, ಕತ್ತಲಲ್ಲಿ, ಟೋಪಿ, ಮೀಸೆ, ಬೂಟು ಎಲ್ಲ ಧರಿಸಿ ಮೀಟರಣ್ಣ ನಿಂತಿದ್ದ. ಊರಿನ ಎಲ್ಲ ಬಾಗಿಲುಗಳನ್ನು ತಟ್ಟಿದವನು. ಮುಂದೆ ಇದ್ದದ್ದು ಅವನದೇ ಬಾಗಿಲು. ಹಿಡಿಕೆಯ ಹತ್ತಿರ ಕೈ ತಾಗಿ ತಾಗಿ ನುಣುಪಾದ ಜಾಗ ಹಾಗೇ ಇತ್ತು. ಕೆಳಗೆ ಮಗಳು ಎಂದೋ ಅಂಟಿಸಿದ ಚಿಟ್ಟೆಯ ಚಿತ್ರದ ಅರ್ಧ ರೆಕ್ಕೆ ಉಳಿದಿತ್ತು. ಪಕ್ಕದಲ್ಲಿ ಗಡ್ಡದ ಮೇಷ್ಟ್ರು ಕಣ್ಣು ಕೆಕ್ಕರಿಸಿ, ಮುಷ್ಟಿ ಬಿಗಿದು, 'ಗುದ್ದಿ!' ಎಂದು ಸನ್ನೆ ಮಾಡಿದರು.

ಮೀಟರಣ್ಣ ಕೈ ಎತ್ತಿದ. ಆದರೆ ಆ ಕೈಗೆ ಮೇಷ್ಟ್ರು ಕಲಿಸಿದ್ದು ಒಂದು ತಿಂಗಳ ಪಾಠ. ಆ ಬಾಗಿಲು ಕಲಿಸಿದ್ದು ಅದಕ್ಕಿಂತ ಬಹಳ ಹಳೆಯದು. ಟಕ್, ಟಕ್. ಎರಡೇ ಸಲ, ಮೆತ್ತಗೆ. ಬಾಯಿಯೂ ಕೈಯ ಹಿಂದೆಯೇ ಹೋಯಿತು.

"ನಾನು ಕಣೇ. ಬಾಗಿಲು ತೆಗಿ."

ಮೇಷ್ಟ್ರು ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ವಿಧವೆ ಗೋಳು ಮರೆತು ಬಾಗಿಲನ್ನೇ ನೋಡುತ್ತ ಕೂತಳು. ಆಗ ಪ್ರೇಕ್ಷಕರ ನಡುವಿನಿಂದ, ಪಕ್ಕದ ಬಾಗಿಲಿನಿಂದ ತಡವಾಗಿ ಬಂದು ಮೂರನೇ ಸಾಲಿನತ್ತ ನುಸುಳುತ್ತಿದ್ದ ಒಬ್ಬ ಹೆಂಗಸಿನ ದನಿ ಕೇಳಿತು.

"ಬಂದೆ ಇರ್ರೀ!"

ಅವಳು ಬೇಕೆಂದು ಹೇಳಿದ್ದಲ್ಲ. ಆ ಟಕ್ ಟಕ್ ಕಿವಿಗೆ ಬಿದ್ದರೆ ಆ ಉತ್ತರ ಹೊರಬೀಳುವುದು ಅವಳ ಕೈಲಿರಲಿಲ್ಲ.

ಯಾರೋ ಕಿಸಕ್ಕೆಂದರು. ಕ್ಯಾಷಿಯರಮ್ಮ ಇನ್ನು ತಡಮಾಡಬಾರದೆಂದು ಓಡಿಬಂದು ಬಾಗಿಲು ತೆರೆದಳು. ಕ್ರೂರ ಅಧಿಕಾರಿ ಹೊಸ್ತಿಲ ಆಚೆ ಬಗ್ಗಿ, ಎರಡೂ ಬೂಟು ಕಳಚಿ, ಗೋಡೆಯ ಪಕ್ಕಕ್ಕೆ ಜೋಡಿಸಿ, ಹೆಬ್ಬೆರಳು ತೂರಿದ ಕಾಲುಚೀಲದಲ್ಲಿ ಒಳಗೆ ಬಂದ. ಜನ ನಗಲು ಶುರುಮಾಡಿದರು. ಅವನಿಗೆ ಅದು ಕೇಳಿಸಲಿಲ್ಲ. ಲೈಟಿನ ಆಚೆ, ಮೂರನೇ ಸಾಲಿನ ಹತ್ತಿರ, ಮಗಳ ಕೈ ಹಿಡಿದು, ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡು ಅವಳು ನಿಂತಿದ್ದಳು. ಬಸ್ಸು ಹೋಗಿತ್ತು. ಅವಳು ಹೋಗಿರಲಿಲ್ಲ.

ಮೀಟರಣ್ಣನ ಎದೆ ಉಬ್ಬಿತು. ಎಲ್ಲೋ ತಪ್ಪಿಸಿಕೊಂಡಿದ್ದ ಮಾತು ಆ ಉಬ್ಬಿದ ಎದೆಗೆ ಪೂರ್ತಿಯಾಗಿ ವಾಪಸು ಬಂತು. ತೆರೆದ ಬಾಗಿಲಿಗೆ ಬೆನ್ನು ಹಾಕಿ, ವಿಧವೆಯ ಮನೆಯ ನಟ್ಟನಡುವೆ ನಿಂತು, ಪುರಭವನದ ಹೆಂಚು ಅದುರುವಂತೆ ಅವನು ಗರ್ಜಿಸಿದ:

"ಬಾಗಿಲು ತೆಗೆಯಿರಿ! ಇಲ್ಲವಾದರೆ ಒಡೆದು ಒಳಗೆ ಬರುತ್ತೇನೆ!"

ಕ್ಯಾಷಿಯರಮ್ಮ ಬಾಗಿಲನ್ನು ನೋಡಿದಳು, ಅವನನ್ನು ನೋಡಿದಳು. "ತೆಗೆದೇ ಇದೆಯಲ್ಲಾ..." ಎಂದಳು ದೀನಳಾಗಿ. ಪರದೆ ಬಿತ್ತು.

ಆ ದುಃಖದ ನಾಟಕಕ್ಕೆ ಬಿದ್ದಷ್ಟು ಚಪ್ಪಾಳೆ ಆ ವರ್ಷದ ಉತ್ಸವದಲ್ಲಿ ಬೇರೆ ಯಾವುದಕ್ಕೂ ಬೀಳಲಿಲ್ಲ. ಟೀಚರಮ್ಮ ಬಿಕ್ಕಿ ಬಿಕ್ಕಿ ಅತ್ತರು. "ಇಡೀ ಊರಿನ ಮುಂದೆ ಹೆಂಡತಿಯ ಕ್ಷಮೆ ಕೇಳಿದ ನೋಡಿ, ಎಂಥಾ ದೊಡ್ಡ ಮನಸ್ಸು!" ಎಂದರು. "ಎಲ್ಲರ ಎದುರಿಗೇ ಮಾಡ್ತೀನಿ ಅಂದಿದ್ದ, ಮಾಡೇಬಿಟ್ಟ," ಎಂದು ಎಂಜಿನಿಯರ್ ಸಾಹೇಬರು ಮೊದಲ ಸಲ ಕುರ್ಚಿಗೆ ಒರಗಿ ಕೂತರು. ರಾಜಿಯಾಯಿತೆಂದು ಹೆಡ್ ಕಾನ್‌ಸ್ಟೇಬಲ್ಲರು ಟೋಪಿ ಹಾಕಿಕೊಂಡು ಎದ್ದರು. ಮನೆಯ ಗುದ್ದಾಟವೂ ನಾಟಕದ ತಾಲೀಮೇ ಆಗಿತ್ತು ಎಂದು ಆ ಮೂವರಿಗೂ ತಿಳಿಹೇಳಲು ಮೀಟರಣ್ಣ ಆಮೇಲೆ ಹಲವು ಸಲ ಪ್ರಯತ್ನಿಸಿದ. ಇಂದಿಗೂ ಅವರು ನಂಬಿಲ್ಲ. ತೀರ್ಪುಗಾರರು ಬೂಟು ಕಳಚಿದ್ದರ ಅರ್ಥವೇನೆಂದು ಕೇಳಿದಾಗ ಗಡ್ಡದ ಮೇಷ್ಟ್ರು ಗಡ್ಡ ಸವರಿಕೊಂಡು, "ಇದೆ," ಎಂದಷ್ಟೇ ಹೇಳಿದರು.

ಬಣ್ಣ ಒರೆಸಿಕೊಂಡು ಹೊರಗೆ ಬಂದಾಗ ಹೆಂಡತಿ, ಮಗಳು ಮೆಟ್ಟಿಲ ಬಳಿ ಕಾಯುತ್ತಿದ್ದರು.

"ಮನೆ?" ಎಂದ ಮೀಟರಣ್ಣ.

"ಅಣ್ಣನಿಗೆ ಎಲ್ಲಾ ಬಿಡಿಸಿ ಹೇಳಿದೆ. ಬಸ್ಸಿನ ಬಾಗಿಲಲ್ಲಿ ನಿಂತೇ ಜೀವನ ಕಳೆದವನು ನೀನು, ಒಂದು ಸಾಯಂಕಾಲ ನಮ್ಮನೆ ಬಾಗಿಲಲ್ಲಿ ಕೂತ್ಕೋ ಅಂತ ಕುರ್ಚಿ ಹಾಕಿ ಕೊಟ್ಟೆ. ಹಿಡಿದ ಸೀಟು ಬಿಟ್ಟುಕೊಡೋದಕ್ಕೆ ಅವನು ಒಪ್ಪೋಷ್ಟರಲ್ಲಿ ತಡ ಆಯ್ತು." ಸ್ವಲ್ಪ ದೂರ ನಡೆದ ಮೇಲೆ ಸೇರಿಸಿದಳು, "ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಕಾಲುಚೀಲ ಹೊಲಿದುಕೊಡ್ತಿರ್ಲಿಲ್ವಾ ನಾನು? ಊರೆಲ್ಲ ನೋಡ್ತು ಆ ಹೆಬ್ಬೆರಳನ್ನ."

ಹೆಂಡತಿಯ ಅಣ್ಣ ಚೌಕಟ್ಟಿನ ನಡುವೆ ಕುರ್ಚಿ ಹಾಕಿಕೊಂಡು, ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದ. ಅಳತೆ ಕೊಡಲು ಬಂದ ಇಬ್ಬರನ್ನು 'ಒಳಗೆ ಜಾಗ ಇಲ್ಲ' ಎಂದು ವಾಪಸು ಕಳಿಸಿದ್ದನಂತೆ. ಎದ್ದು ದಾರಿ ಬಿಟ್ಟ. ಸುಮ್ಮನೆ ಬೈದುಬಿಟ್ಟೆನಲ್ಲ ಎಂಬ ಮುಜುಗರದಲ್ಲಿ ಮೀಟರಣ್ಣನ ಮುಖ ನೋಡದೆ, ತಂಗಿಯನ್ನೇ ಕೇಳಿದ:

"ಹೇಗ್ಮಾಡಿದ್ರು ಭಾವ?"

"ಒಂದೇ ಮಾತು ಅಂತ ಹೇಳಿದ್ರು," ಎಂದಳು ಅವಳು. "ಎರಡು ಆಡಿದ್ರು."

"ಎರಡ್ರಲ್ಲಿ ಯಾವ್ದು ಚೆನ್ನಾಗಿತ್ತು?"

ಮೀಟರಣ್ಣ ಹೊಸ್ತಿಲಲ್ಲೇ ನಿಂತು ಕಿವಿಗೊಟ್ಟ. ಗರ್ಜನೆ ಇನ್ನೂ ಅವನ ಕಿವಿಯಲ್ಲೇ ಗುಂಯ್ಗುಡುತ್ತಿತ್ತು.

"ಮೊದಲ್ನೇದು," ಎಂದು ಹೇಳಿ, ಅವಳು ಅಣ್ಣನಿಗೆ ಹಾಸಿಗೆ ಹಾಸಲು ಒಳಗೆ ಹೋದಳು.